ಅರ್ಧ ಸ್ಟ್ರಿಪ್ಪು

ಅವ್ವ ಬಿದ್ದಿರಲಿಲ್ಲ. ಹರಿಹರದ ಮನೆಯಲ್ಲಿ ನೀರು ತುಂಬಿದ ಕೊಡ ಎತ್ತಿದಳು, ಅಷ್ಟೇ. ಬೆನ್ನು ಚಳಕ್ ಅಂತು. ದಾವಣಗೆರೆಗೆ ಕರ್ಕೊಂಡು ಹೋಗಿ ಎಕ್ಸ್-ರೇ ತೆಗೆಸಿದರೆ ಬೆನ್ನುಮೂಳೆಯ ಒಂದು ಮಣಿ ಕುಸಿದು ಕೂತಿದೆ. "ಏನ್ ಮಾತ್ರೆ ತಗೋತೀರಿ?" ಅಂದ್ರು ಡಾಕ್ಟ್ರು. ಅವ್ವ ಪರ್ಸಿನಿಂದ ಕತ್ತರಿಸಿದ ಅರ್ಧ ಸ್ಟ್ರಿಪ್ ತೆಗೆದಳು. ಹೆಸರಿದ್ದ ಅರ್ಧ ಅಂಗಡಿಯಲ್ಲೇ ಉಳಿದಿತ್ತು. ವಿಚಾರಿಸಿದರೆ ಮಂಡಿನೋವಿಗೆ ಅಂತ ಒಂದು ಸ್ಟೆರಾಯ್ಡ್, ಜೊತೆಗೊಂದು ಗ್ಯಾಸಿನ ಮಾತ್ರೆ. ಒಂದೂವರೆ ವರ್ಷದಿಂದ, ಚೀಟಿ ಇಲ್ಲದೆ. ವಯಸ್ಸಿನ ಪಾಲೂ ಇದೆ ಅಂದ್ರು ಡಾಕ್ಟ್ರು. ಇರಲಿ.

"ಆ ಹುಡುಗ ಒಳ್ಳೇವನಪ್ಪ, ಎರಡ ದಿನದಾಗ ನೋವು ಹೋತು" ಅಂತಾಳೆ ಅವ್ವ. ಹೋಗೇ ಹೋಗುತ್ತೆ! ಸ್ಟೆರಾಯ್ಡ್ ಊತ ಇಳಿಸುತ್ತೆ, ಹಸಿವು ಹೆಚ್ಚಿಸುತ್ತೆ, ಮುಖ ದುಂಡಗಾಗುತ್ತೆ. ಓಣಿಯವರು "ಮೈ ಹಿಡಿದಾಳ" ಅಂತಾರೆ. ಒಳಗೆ ಮೂಳೆ ಕಟ್ಟುವ ಕೆಲಸ ಕುಂಟುತ್ತಿರುತ್ತೆ. ಸವೆತ ಜೋರಾಗಿರೋದು ಮೊದಲ 3ರಿಂದ 6 ತಿಂಗಳಲ್ಲೇ. ಪ್ರೆಡ್ನಿಸೊಲೋನ್ ದಿನಕ್ಕೆ ಬರೀ 2.5 ಮಿಲಿಗ್ರಾಂ ಆದರೂ ಸರಿ, 3 ತಿಂಗಳಾದರೆ ಮೂಳೆ ಮುರಿಯುವ ಅಪಾಯ ಅಳೆಯಿರಿ ಅಂತ ಅಮೆರಿಕದ ಸಂಧಿವಾತ ತಜ್ಞರು 2017ರಲ್ಲೇ ಹೇಳಿದ್ದಾರೆ. ಗ್ಯಾಸಿನ ಮಾತ್ರೆ ಪಾಪದ್ದು ಅಂದ್ಕೊಂಡ್ರಾ? ಪ್ಯಾಂಟೊಪ್ರಜೋಲ್ ಜಾತಿಯವನ್ನು ವರ್ಷಗಟ್ಟಲೆ ನುಂಗಿದರೆ ಸೊಂಟ, ಮಣಿಕಟ್ಟು, ಬೆನ್ನುಮೂಳೆ ಮುರಿಯುವ ಸಂಭವ ಹೆಚ್ಚಬಹುದು ಅಂತ ಅಲ್ಲಿನ ಎಫ್‌ಡಿಎ ಎಚ್ಚರಿಸಿದ್ದು 2010ರಲ್ಲಿ.

ಸ್ಟೆರಾಯ್ಡ್ ವಿಷ ಅಂತ ನಾನು ಹೇಳ್ತಿಲ್ಲ. ಉಬ್ಬಸದವರ, ಲೂಪಸ್ ಇರೋರ ಜೀವ ಉಳಿಸೋ ಔಷಧಿ ಅದು. ಆದರೆ ಬರೆದುಕೊಡೋರು ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡಬೇಕು, ಬೇಕಿದ್ರೆ ಮೂಳೆಯ ಸ್ಕ್ಯಾನ್ ಮಾಡಿಸಬೇಕು. ಅದಕ್ಕೇ ಇದು ಶೆಡ್ಯೂಲ್ ಎಚ್‌ನಲ್ಲಿರೋದು, ಚೀಟಿ ಇಲ್ಲದೆ ಮಾರುವಂತಿಲ್ಲ. ಮೆಡಿಕಲ್ ಕಾಲೇಜುಗಳಿರೋ ದಾವಣಗೆರೆ ಅರ್ಧ ಗಂಟೆ ಬಸ್ಸಿನ ದಾರಿ. ಆ ಕಾನೂನಿಗೆ ಮಾತ್ರ ನಮ್ಮ ಓಣಿಯ ಕೌಂಟರಿಗೆ ಬರೋ ಬಸ್ಸು ಸಿಕ್ಕಿಲ್ಲ.

ಅಂಗಡಿಯವನನ್ನ ಬೈದು ಸುಮ್ಮನಾಗ್ತಿದ್ದೆ. ಆದರೆ ಒಂದೂವರೆ ವರ್ಷ ಅವನಿಗೆ ದುಡ್ಡು ಹೋಗಿದ್ದು ನನ್ನ ಫೋನಿಂದ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಕೂತು ಯುಪಿಐ ಒತ್ತಿ, ಮಗನ ಕರ್ತವ್ಯ ಮುಗೀತು ಅಂದ್ಕೊಂಡೆ. ಹೊಸ ಇಯರ್‌ಫೋನಿಗೆ ಹತ್ತು ರಿವ್ಯೂ ಓದೋ ನಾನು, ಯಾವ ಮಾತ್ರೆ ಅಂತ ಒಂದ್ಸಲ ಕೇಳಲಿಲ್ಲ. ನೀವು ಕೇಳಿದೀರಾ?

ಈ ಸಲ ಊರಿಗೆ ಹೋದಾಗ ಬೆಣ್ಣೆದೋಸೆ ಫೋಟೋ ಆಮೇಲೆ ಹಾಕಿ. ಮೊದಲು ಮಾತ್ರೆ ಡಬ್ಬಿ ಸುರುವಿ, ಹೆಸರಿಲ್ಲದ್ದನ್ನೆಲ್ಲ ಡಾಕ್ಟ್ರಿಗೆ ತೋರಿಸಿ. ನೀವೇ ಎಸೆದುಬಿಡಬೇಡಿ: ತಿಂಗಳುಗಟ್ಟಲೆ ತಗೊಂಡ ಸ್ಟೆರಾಯ್ಡ್ ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಕುತ್ತು, ಮೆಲ್ಲಗೆ ಇಳಿಸಬೇಕು. ಅವ್ವಂದು ಇಳಿಸ್ತಾ ಇದ್ದಾರೆ. ಮಂಡಿನೋವು ವಾಪಸ್ ಬಂದಿದೆ. "ಆ ಹುಡುಗನ್ ಹತ್ರಾನೇ ಒಂದ್ಸಲ ಕೇಳ್ಲೇನಪ್ಪ?" ಅಂತ ನಿನ್ನೆ ಫೋನಲ್ಲಿ ಅಂದಳು.