ರೊಟ್ಟಿಯ ದರದಲ್ಲಿ ಕೂಲಿಯೂ ಇರಲಿ

ಡೋಣಿ ನದಿ ದಂಡೆಯ ಎರೆಹೊಲ ಬಿಳಿಜೋಳಕ್ಕೆ ಹೆಸರುವಾಸಿ. ಆ ಜೋಳವನ್ನೇ ನಂಬಿ ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ ಕಡೆ ರೊಟ್ಟಿ ಬಡಿದು ಮನೆ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಯಾರ ಕೈಕೆಳಗೂ ಇಲ್ಲವೆಂಬ ನೆಮ್ಮದಿ ಸಣ್ಣದಲ್ಲ. ಗೋವಾಕ್ಕೋ ಪುಣೆಗೋ ಗುಳೆ ಹೋಗುವುದು ತಪ್ಪಿದರೆ ಮಕ್ಕಳ ಶಾಲೆಯೂ ಉಳಿಯುತ್ತದೆ.

ಆದರೆ ಬೆಳಗಾಗುವ ಮುಂಚೆ ಒಲೆ ಹೊತ್ತಿಸಬೇಕು. ಬಿಸಿನೀರಲ್ಲಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಬೇಕು. ಏಪ್ರಿಲ್ ಬಿಸಿಲಲ್ಲೂ ಇದೇ ಕೆಲಸ. ರಟ್ಟೆ ಹಿಡಿದುಕೊಂಡರೆ ಅಂದಿನ ಗಳಿಕೆ ಇಲ್ಲ. ಜೋಳದ ದರ ಏರಿತೆಂದು ರೊಟ್ಟಿಗೆ ಒಂದು ರೂಪಾಯಿ ಹೆಚ್ಚು ಕೇಳಿದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಖಾನಾವಳಿಗಳ ಉದ್ರಿ ಬೇರೆ. ಹಿಟ್ಟು, ಕಟ್ಟಿಗೆಯ ಖರ್ಚು ಕಳೆದು ಉಳಿದದ್ದನ್ನೆಲ್ಲ ಲಾಭವೆಂದು ಬರೆದುಕೊಳ್ಳುವುದು ನಮ್ಮ ಕಡೆಯ ಲೆಕ್ಕ. ತನ್ನ ಕೂಲಿಯನ್ನು ಹಿಡಿಯದ ಲೆಕ್ಕ ಅದು, ತಪ್ಪು ಲೆಕ್ಕ.

ರಟ್ಟೆಯ ಭಾರ ಇಳಿಸಲು ಒಂದು ದಾರಿಯೂ ಇದೆ. ಕಿರು ಆಹಾರ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಶೇ 35ರಷ್ಟು ಸಹಾಯಧನ ಕೊಡುತ್ತದೆ. ರಾಜ್ಯ ಸರ್ಕಾರ ಶೇ 15 ಸೇರಿಸಿ ಅದನ್ನು ಶೇ 50ಕ್ಕೆ ಏರಿಸಿದೆ. ಹಿಟ್ಟು ನಾದುವ, ರೊಟ್ಟಿ ಮಾಡುವ ಯಂತ್ರಕ್ಕೆ ಇದು ಒದಗಬಲ್ಲದು. ಆದರೆ ಸಹಾಯಧನ ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು; ಯೋಜನಾ ವರದಿ, ಖಾತೆಯ ದಾಖಲೆ ಎನ್ನುವಷ್ಟರಲ್ಲೇ ಒಂಟಿಯಾಗಿ ದುಡಿಯುವವರು ಹಿಂದೆ ಸರಿಯುತ್ತಾರೆ. ಕೃಷಿ ಇಲಾಖೆಯವರು ಸಂತೆಯ ದಿನ ತಾಳಿಕೋಟೆಯಲ್ಲೇ ಕೂತು ಅರ್ಜಿ ತುಂಬಿಸಿಕೊಳ್ಳಲಿ. ಖಾನಾವಳಿಯವರು ಉದ್ರಿಯನ್ನು ವಾರಕ್ಕೊಮ್ಮೆಯಾದರೂ ಚುಕ್ತಾ ಮಾಡಲಿ.