ಕೊಯ್ಲು ಮುಗಿದ ಮೇಲೆ ಎರಡು ದಿನ



ರೊಬಸ್ಟಾ ಕೊಯ್ಲು ಮುಗಿದು ಕಣ ಗುಡಿಸಿಯಾಯಿತು. ಅಡಿಕೆಯ ಕಡೆಯ ಕೊನೆಗಳೂ ಇಳಿದು, ಸುಲಿದು, ಬೆಂದು, ಒಣಗಿ ಮಂಡಿಯ ದಾರಿ ಹಿಡಿದಿವೆ. ನಾವೆಲ್ಲ ಲೆಕ್ಕದ ಪುಸ್ತಕ ಬಿಡಿಸಿಕೊಂಡು ಕುಳಿತುಕೊಳ್ಳುವ ಕಾಲವಿದು. ಗೊಬ್ಬರದ್ದೆಷ್ಟು, ಔಷಧಿಯದ್ದೆಷ್ಟು, ಸಂಘದ ಸಾಲ ಎಷ್ಟು ತೀರಿತು ಎಂದು ಕೂಡಿಸಿ ಕಳೆಯುವ ಈ ಹೊತ್ತಿನಲ್ಲಿಯೇ ಕೆಲವು ಸದಸ್ಯರು ಸಂಘದ ಕಛೇರಿಯಲ್ಲಿ ಒಂದು ಮಾತು ಎತ್ತಿದರು: ನಾಲ್ಕು ತಿಂಗಳು ನಮ್ಮೊಂದಿಗೆ ದುಡಿದವರನ್ನು ಎರಡು ದಿನ ಎಲ್ಲಾದರೂ ಸಂತೋಷವಾಗಿ ಸುತ್ತಾಡಿಸಿಕೊಂಡು ಬಂದರೆ ಹೇಗೆ? ಅಲ್ಲಿದ್ದವರಲ್ಲಿ ಅರ್ಧ ಜನ ತಲೆದೂಗಿದರು, ಇನ್ನರ್ಧ ಜನ ನಕ್ಕರು. ನಕ್ಕವರಲ್ಲಿ ಹಲವರು ನನಗೆ ಆಪ್ತರೇ ಆದ್ದರಿಂದ, ಅವರಿಗೂ ಉತ್ತರವಾಗುವಂತೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟೇ. ಇಂತಹ ಪ್ರವಾಸ ಆಗಬೇಕು. ಒಬ್ಬೊಬ್ಬರಾಗಿ ಮಾಡದೆ ಹತ್ತು ಮನೆಯವರು ಸೇರಿ ಮಾಡಬೇಕು. ಹೋಗುವ ಜಾಗವನ್ನು ಹೋಗುವವರೇ ಆರಿಸಬೇಕು. ಆ ಎರಡು ದಿನದ ಕೂಲಿಯನ್ನು ಹಿಡಿಯಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಧಣಿಯ ಮೆರವಣಿಗೆಯಾಗುತ್ತದೆಯೇ ಹೊರತು ಕೆಲಸದವರ ಪ್ರವಾಸವಾಗುವುದಿಲ್ಲ.

ಮೊದಲು ಆಕ್ಷೇಪಣೆಗಳನ್ನು ನೋಡೋಣ. "ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆಸುವುದಕ್ಕೇ ದುಡ್ಡಿಲ್ಲ, ಇನ್ನು ಪ್ರವಾಸವೇ?" ಎಂದು ಒಬ್ಬರು ಕೇಳಿದರು. ಅಡಿಕೆಯನ್ನೇ ನಂಬಿದವರ ಕಷ್ಟ ನನಗೆ ಗೊತ್ತಿದೆ. ನನ್ನ ತೋಟದ ಮರಗಳ ಸೋಗೆಯೂ ಕೆಂಪಾಗಿದೆ. ಆದರೆ 2025ರ ಮೊದಲ ತಿಂಗಳುಗಳಲ್ಲಿ ಅರೇಬಿಕಾ ಪಾರ್ಚ್‌ಮೆಂಟು 50 ಕಿಲೋ ಚೀಲಕ್ಕೆ 25,000 ರೂಪಾಯಿ ದಾಟಿದ್ದನ್ನೂ ನಾವು ಕಂಡಿದ್ದೇವೆ. 2000ದ ನಂತರದ ಎರಡು ಮೂರು ವರ್ಷ ಕಾಫಿಯ ಬೆಲೆ ನೆಲ ಕಚ್ಚಿದಾಗ, ಕೂಲಿ ತಡವಾದರೂ ತೋಟ ಬಿಡದೆ ನಿಂತವರು ಯಾರೆಂಬುದನ್ನೂ ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಕೆಟ್ಟ ಕಾಲದಲ್ಲಿ ನಷ್ಟದ ಪಾಲು ಹೊತ್ತವರಿಗೆ ಒಳ್ಳೆಯ ಕಾಲದಲ್ಲಿ ಎರಡು ದಿನದ ಪಾಲಾದರೂ ಸಲ್ಲಬೇಡವೇ?

"ಆ ದುಡ್ಡನ್ನು ಕೈಗೇ ಕೊಟ್ಟುಬಿಟ್ಟರಾಯಿತು" ಎನ್ನುವುದು ಎರಡನೆಯ ಮಾತು. ಇದರಲ್ಲಿ ತಿರುಳಿದೆ. ಕೂಲಿ ಕಡಿಮೆ ಕೊಟ್ಟು ಪ್ರವಾಸ ಮಾಡಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ. ಆದ್ದರಿಂದ ಕೂಲಿ ಬಾಕಿ ಪೂರ್ತಿ ತೀರಿರಬೇಕು, ಹಬ್ಬಕ್ಕೆ ಕೊಡುವ ಉಡುಗೊರೆಗೂ ಇದಕ್ಕೂ ಗಂಟು ಹಾಕಬಾರದು. ಅಷ್ಟಾದ ಮೇಲೆ ಹೇಳುವುದಾದರೆ, ಕೈಗೆ ಬಂದ ಎರಡು ಸಾವಿರ ರೂಪಾಯಿ ಅಂಗಡಿ ಬಾಕಿಗೋ ಮಗಳ ಫೀಜಿಗೋ ಹೋಗುತ್ತದೆ. ಹೋಗಬೇಕಾದ್ದೇ. ಆದರೆ ವರ್ಷವಿಡೀ ಇನ್ನೊಬ್ಬರಿಗೆ ಬಡಿಸಿದ ಹೆಂಗಸು ಎರಡು ದಿನ ಇನ್ನೊಬ್ಬರು ಬಡಿಸಿದ್ದನ್ನು ಕೂತು ಉಣ್ಣುವ ಸುಖವನ್ನು ಆ ನೋಟುಗಳಿಂದ ಅವಳು ಎಂದೂ ಕೊಂಡುಕೊಳ್ಳಲಾರಳು.

ಮೂರನೆಯವರು ಹೇಳಿದ್ದು ಹೆಚ್ಚು ಜಾಣತನದ ಮಾತು: "ಪ್ರವಾಸ ಮಾಡಿಸಿದರೆ ಬರುವ ವರ್ಷ ಆಳು ಕೈ ತಪ್ಪುವುದಿಲ್ಲ." ಈ ಲೆಕ್ಕಾಚಾರದವರು ಇದಕ್ಕೆ ಕೈ ಹಾಕದಿರುವುದೇ ಲೇಸು. ನಮ್ಮ ಕೆಲಸದವರ ಮಕ್ಕಳು ಓದುತ್ತಿದ್ದಾರೆ, ಬೆಂಗಳೂರಿಗೆ ಹೋಗುತ್ತಿದ್ದಾರೆ. ನಮ್ಮ ಮಕ್ಕಳು ಹೋದ ದಾರಿಯೇ ಅದು. ಎರಡು ದಿನದ ಬಸ್ ಪ್ರಯಾಣ ಅದನ್ನು ತಡೆಯದು, ತಡೆಯಲೂ ಬಾರದು. ಪ್ರವಾಸವನ್ನು ಮುಂಗಡದ ಹಾಗೆ ಕೊರಳಿಗೆ ಕಟ್ಟಿದರೆ ಅವರಿಗೆ ಅದು ಮೊದಲ ದಿನವೇ ಗೊತ್ತಾಗುತ್ತದೆ. ಆಗಿಹೋದ ದುಡಿಮೆಗೆ ಇದು ಸಂತೋಷದ ಸಲ್ಲಿಕೆ; ಆಗಬೇಕಾದ ದುಡಿಮೆಗೆ ಹಾಕುವ ಗಾಳವಾಗಬಾರದು.

ಕಾನೂನಿನ ಮಾತನ್ನೂ ಒಂದಿಷ್ಟು ತಿಳಿದಿರುವುದು ಒಳ್ಳೆಯದು. 1951ರ ತೋಟ ಕಾರ್ಮಿಕ ಕಾಯ್ದೆಯ 13ನೆಯ ಕಲಮು ಕಾರ್ಮಿಕರ ಮನರಂಜನಾ ಸೌಕರ್ಯಕ್ಕೇ ಮೀಸಲಾಗಿತ್ತು. 1981ರ ತಿದ್ದುಪಡಿಯ ನಂತರ ಆ ಕಾಯ್ದೆ 5 ಹೆಕ್ಟೇರು ಜಮೀನು ಮತ್ತು 15 ಜನ ಕೆಲಸದವರಿದ್ದ ತೋಟಗಳಿಗೆ ಅನ್ವಯಿಸುತ್ತಿತ್ತು. ಅದು ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರು, ಸಿಂಕೋನಾ ಮತ್ತು ಏಲಕ್ಕಿ. ಅಡಿಕೆಯ ಹೆಸರು ಅದರಲ್ಲಿರಲಿಲ್ಲ. ಈಗ ಅದು 2020ರ ಕಾರ್ಮಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಹೋಗಿದೆ. ಮೂರು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ ಇಟ್ಟುಕೊಂಡ ನಮ್ಮಂಥವರು ಆ ಕಲಮಿನ ಹೊರಗೇ ಉಳಿದೆವು. ದೊಡ್ಡ ಎಸ್ಟೇಟುಗಳಲ್ಲಿ ಕ್ಲಬ್ಬು, ಆಟದ ಬಯಲು ಎಂದು ಏನೋ ಒಂದಿಷ್ಟು ನಡೆಯಿತು. ನಮ್ಮ ತೋಟದವರಿಗೆ ಏನೂ ಇರಲಿಲ್ಲ. ಯಾವ ಇನ್ಸ್‌ಪೆಕ್ಟರೂ ಬಂದು ನಮ್ಮನ್ನು ಕೇಳುವುದಿಲ್ಲ. ಹಾಗಿರುವುದರಿಂದಲೇ ನಾವಾಗಿ ಮಾಡಿದರೆ ಅದಕ್ಕೊಂದು ಬೆಲೆ.

ಇನ್ನು ಜಾಗದ ವಿಚಾರ. ಸಾಮಾನ್ಯವಾಗಿ ನಾವೇ ಕೂತು "ಶೃಂಗೇರಿ, ಹೊರನಾಡು, ಧರ್ಮಸ್ಥಳ" ಎಂದು ಬರೆದುಬಿಡುತ್ತೇವೆ. ಕೆಲಸದವರನ್ನು ಕೇಳಿ ನೋಡಿ. ನಮ್ಮೂರಿನಲ್ಲಿ ಹಣ್ಣು ಕೊಯ್ಯುವ ಹೆಂಗಸರನ್ನು ನಾನು ಕೇಳಿದಾಗ ಅವರಲ್ಲಿ ಹಿರಿಯಳೊಬ್ಬಳು, "ದೇವಸ್ಥಾನ ನೋಡಿದೀವಿ ಅಯ್ಯಾ, ಸಮುದ್ರ ನೋಡಿಲ್ಲ" ಎಂದಳು. ಗಂಡನ ಕಾಯಿಲೆಗೆಂದು ಮಣಿಪಾಲದ ಆಸ್ಪತ್ರೆಗೆ ಆಕೆ ಮೂರು ಸಲ ಹೋಗಿಬಂದಿದ್ದಾಳೆ. ಅಲ್ಲಿಂದ ಮಲ್ಪೆಯ ಕಡಲು ಹತ್ತು ಹನ್ನೆರಡು ಕಿಲೋಮೀಟರು. ಆಸ್ಪತ್ರೆಯ ಚೀಟಿ, ಔಷಧಿ, ಕಡೆಯ ಬಸ್ಸು, ಇಷ್ಟರಲ್ಲೇ ಮೂರು ಸಲವೂ ಮುಗಿಯಿತು. ಆಗುಂಬೆಯಿಂದ ಸಂಜೆ ಹೊತ್ತು ಬಾನು ತಿಳಿಯಾಗಿದ್ದರೆ ಕಾಣುವ ಆ ನೀರನ್ನು ಹತ್ತಿರದಿಂದ ಮುಟ್ಟದೆ ಅರವತ್ತು ವರ್ಷ ಕಳೆದವರು ನಮ್ಮ ಕಣದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ.

ಆದುದರಿಂದ ಮೊದಲ ವರ್ಷಕ್ಕೆ ಉಡುಪಿ ಕಡೆಯ ದಾರಿಯನ್ನು ನಾನು ಸೂಚಿಸುತ್ತೇನೆ. ಕೊಪ್ಪದಿಂದ ಬೆಳಿಗ್ಗೆ ಆರಕ್ಕೆ ಹೊರಟು ಆಗುಂಬೆ ಘಾಟಿ ಇಳಿಯುವುದು. ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ದೊಡ್ಡ ಬಸ್ಸಿಗೆ ಅದು ದಾರಿಯಲ್ಲ, ಎರಡು ಮಿನಿ ಬಸ್ಸು ಬೇಕು. ಬಸ್ಸಿನ ಅಭ್ಯಾಸವಿಲ್ಲದವರಿಗೆ ಹೊಟ್ಟೆ ತೊಳಸುವುದರಿಂದ ತಿಂಡಿಯನ್ನು ಘಾಟಿ ಇಳಿದ ಮೇಲೆ, ಹೆಬ್ರಿಯಲ್ಲಿ ಕೊಡುವುದು ಒಳ್ಳೆಯದು. ಮಧ್ಯಾಹ್ನ ಕೃಷ್ಣನ ದರ್ಶನ, ಊಟ, ನೆರಳಿನಲ್ಲಿ ವಿಶ್ರಾಂತಿ. ಏಪ್ರಿಲಿನ ಆ ಸೆಕೆ ನಮ್ಮ ಮಲೆನಾಡಿನವರಿಗೆ ತಡೆಯದು. ಬಿಸಿಲು ಇಳಿದ ಮೇಲೆ ಮಲ್ಪೆ. ರಾತ್ರಿ ಉಡುಪಿಯಲ್ಲಿ ತಂಗಿ, ಮರುದಿನ ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿ ಎತ್ತರದ ಗೊಮ್ಮಟನನ್ನು ನೋಡಿಕೊಂಡು, ಕೆರೆಕಟ್ಟೆಯ ಮೇಲೆ ಶೃಂಗೇರಿಗೆ ಬಂದು ಸಂಜೆಗೆ ಮನೆ. ಎರಡು ದಿನಕ್ಕೆ ಮೂರು ಜಾಗ ಸಾಕು. ಏಳು ಜಾಗ ತೋರಿಸುತ್ತೇವೆಂದು ಹೊರಟರೆ ಬಸ್ಸಿನ ಕಿಟಕಿಯೊಂದೇ ನೆನಪಿನಲ್ಲಿ ಉಳಿಯುತ್ತದೆ.

ದಿನ ಯಾವುದು? ಪಟ್ಟಣದ ಆಫೀಸಿನವರಿಗೆ ಶನಿವಾರ ಭಾನುವಾರ. ನಮ್ಮವರಿಗೆ ವಾರದ ರಜೆಯೆಂದರೆ ಸಂತೆಯ ದಿನ. ಅದರ ಜೊತೆಗೆ ಇನ್ನೊಂದು ದಿನ ಸೇರಿಸುವುದು ಸುಲಭ. ಆದರೆ ವಾರದ ಸಾಮಾನು ತರುವುದು ಯಾವಾಗ ಎಂಬುದನ್ನು ಮೊದಲೇ ಯೋಚಿಸಬೇಕು. ಮಕ್ಕಳೂ ಬರುವುದಾದರೆ ಏಪ್ರಿಲ್ ಎರಡನೆಯ ವಾರ ಶಾಲೆ ಮುಗಿಯಬೇಕು. ಮೇ ಕೊನೆಗೆ ಕೊಳೆರೋಗದ ಬೋರ್ಡೋ ಸಿಂಪಡಣೆಯ ಗಡಿಬಿಡಿ ಹತ್ತಿಕೊಳ್ಳುತ್ತದೆ, ಮಳೆ ಹಿಡಿದರೆ ಕಡಲ ಕಡೆ ಹೋಗುವಂತಿಲ್ಲ. ಆದ್ದರಿಂದ ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದೊಳಗೆ, ಊರಿನ ಜಾತ್ರೆ ಮದುವೆಗಳನ್ನು ತಪ್ಪಿಸಿ ಎರಡು ದಿನ ಹುಡುಕಬೇಕು.

ಖರ್ಚನ್ನು ಹಂಚಿಕೊಳ್ಳುವ ಬಗೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿಯನ್ನು ಪೂಲಿಗೆ ಹಾಕಿ ಪಾಯಿಂಟಿನ ಲೆಕ್ಕದಲ್ಲಿ ಹಣ ಪಡೆದ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಲ್ಲಿಯೂ ಒಂದು ಪೂಲು ಮಾಡೋಣ. ಲೆಕ್ಕಕ್ಕೆಂದು ಹತ್ತು ಮನೆ, ನಲವತ್ತು ಜನ ಕೆಲಸದವರು, ಒಟ್ಟು ಖರ್ಚು 80,000 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಗೆ ಎಂಟು ಸಾವಿರವೆಂದು ಸಮನಾಗಿ ಹಂಚಿದರೆ ಸಣ್ಣವನಿಗೆ ಭಾರ. ಅದರ ಬದಲು ಹಾಜರಿ ಪುಸ್ತಕ ನೋಡಿ. ನಲವತ್ತು ಜನ ಆ ಹತ್ತು ಮನೆಗಳಲ್ಲಿ ತಲಾ 50 ದಿನ ದುಡಿದಿದ್ದರೆ 2,000 ಆಳು ದಿನ. ಒಂದು ಆಳು ದಿನಕ್ಕೆ 40 ರೂಪಾಯಿ ಬೀಳುತ್ತದೆ. ನೂರು ಆಳು ದಿನ ಪಡೆದವನು 4,000, ಮುನ್ನೂರು ಪಡೆದವನು 12,000 ಕೊಡಲಿ. ಆ ಎರಡು ದಿನದ ಕೂಲಿಯೂ ಇದೇ ಪ್ರಮಾಣದಲ್ಲಿ. ಕಿಲೋ ಲೆಕ್ಕದಲ್ಲಿ ಕೊಯ್ಲು ಮಾಡಿದವರಿಗೆ ದಿನಗೂಲಿಯ ದರ ಹಿಡಿಯಬೇಕು. ಹೀಗೆ ಸೇರಿ ಮಾಡುವುದರಿಂದ ಇನ್ನೊಂದು ಪ್ರಯೋಜನವಿದೆ. ಕೊಯ್ಲಿನ ಕಾಲದಲ್ಲಿ ಐವತ್ತು ರೂಪಾಯಿ ಹೆಚ್ಚು ತೋರಿಸಿ ಪಕ್ಕದ ತೋಟದವರನ್ನು ಎಳೆದುಕೊಂಡು, ಆಮೇಲೆ ಮುಖ ನೋಡದೆ ತಿರುಗುವ ಚಾಳಿ ನಮ್ಮಲ್ಲಿ ಬೆಳೆದಿದೆ. ಒಂದೇ ತಂಡ ಹತ್ತು ತೋಟವನ್ನೂ ಕೊಯ್ಯುತ್ತದೆ ಎಂಬ ಸತ್ಯವನ್ನು ಕಾಗದದ ಮೇಲೆ ಒಪ್ಪಿಕೊಂಡರೆ ಆ ಜಗಳಕ್ಕೂ ಸ್ವಲ್ಪ ತಡೆಯಾದೀತು. ಮುಯ್ಯಾಳಿನ ಪದ್ಧತಿ ಕಂಡ ನಾಡು ನಮ್ಮದು.

ಸುರಕ್ಷತೆಯ ವಿಷಯದಲ್ಲಿ ಜಿಪುಣತನ ಬೇಡ. ಗೊಬ್ಬರ ತರುವ ಪಿಕಪ್ಪಿನಲ್ಲಿ ಬೆಂಚು ಹಾಕಿ ಜನರನ್ನು ತುಂಬಿದರೆ ಅನಾಹುತವಾದಾಗ ವಿಮೆಯೂ ಕೈ ಬಿಡುತ್ತದೆ. ಪ್ರವಾಸದ ಪರವಾನಗಿ ಇರುವ ಬಸ್ಸೇ ಬೇಕು, ರಾತ್ರಿ ನಿದ್ದೆ ಮಾಡಿದ ಚಾಲಕನೇ ಬೇಕು. ಎರಡು ಗಂಟೆಗೊಮ್ಮೆ ಹೆಂಗಸರಿಗೆ ಶೌಚಾಲಯ ಸಿಗುವ ಕಡೆ ನಿಲ್ಲಿಸಬೇಕು. ಸಿಗದೆಂಬ ಹೆದರಿಕೆಯಿಂದ ದಿನವಿಡೀ ನೀರು ಕುಡಿಯದೆ ಕೂರುವವರನ್ನು ನಾನು ನೋಡಿದ್ದೇನೆ. ಉಳಿಯುವ ಕೋಣೆಗೆ ಒಳಗಿನಿಂದ ಚಿಲಕವಿರಬೇಕು. ಕಡಲಿನ ಬಳಿ ಜೀವರಕ್ಷಕರ ಮಾತೇ ಕಡೆಯ ಮಾತು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದುದನ್ನು ಯಾರೂ ಮರೆಯಬಾರದು. ಹೊಳೆಯಲ್ಲಿ ಈಜಿದವನಿಗೆ ಕಡಲು ಗೊತ್ತಿರುವುದಿಲ್ಲ. ಕುಡಿತ ಇಲ್ಲವೆಂಬ ಮಾತು ಹೊರಡುವ ಮೊದಲೇ ಆಗಿರಬೇಕು, ಅದು ಜೊತೆಗೆ ಬರುವ ಮಾಲೀಕರಿಗೂ ಅನ್ವಯಿಸಬೇಕು.

ಯಾರು ಬರಬೇಕು ಎಂಬುದರಲ್ಲಿಯೂ ತಾರತಮ್ಯ ಬೇಡ. ಕೊನೆ ತೆಗೆಯುವವನು, ಮರಗಸಿ ಮಾಡುವವನು ನೆನಪಾಗುತ್ತಾರೆ. ಕಣದಲ್ಲಿ ಕಾಫಿ ಕೆದಕಿದ ಮುದುಕಿ ಮರೆತುಹೋಗುತ್ತಾಳೆ. ಬಯಲುಸೀಮೆಯಿಂದಲೋ ಅಸ್ಸಾಮಿನಿಂದಲೋ ಬಂದು ಲೈನು ಮನೆಯಲ್ಲಿರುವವರನ್ನೂ ಕರೆಯಬೇಕು. ಅವರಿಗೆ ಕಡಲಿಗಿಂತ ಊರಿನ ಟಿಕೆಟ್ಟೇ ಹೆಚ್ಚಾದರೆ ಅವರ ಪಾಲಿನ ಹಣವನ್ನು ಹಾಗೆಯೇ ಕೊಡುವುದು ನ್ಯಾಯ. ಹೆಂಗಸರು "ಬರಲ್ಲ" ಎಂದರೆ ಅಷ್ಟಕ್ಕೇ ಬಿಡಬೇಡಿ. ಹಸು ಕರೆಯುವವರಿಲ್ಲ, ಅತ್ತೆಗೆ ಗಂಜಿ ಕಾಯಿಸುವವರಿಲ್ಲ ಎಂಬುದೇ ಕಾರಣವಾಗಿರುತ್ತದೆ. ಎರಡು ದಿನ ಆ ಹಸುವನ್ನು ನಮ್ಮ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿಕೊಂಡರೆ ನಮಗೇನೂ ಕೊರತೆಯಾಗದು.

ಕೊನೆಯದಾಗಿ, ಬಸ್ಸಿಗೆ ನಮ್ಮ ಹೆಸರಿನ ಬ್ಯಾನರು ಬೇಡ, ಊಟದ ಮೊದಲು ಭಾಷಣ ಬೇಡ, ಫೋಟೋ ತೆಗೆದು ಹಂಚುವ ಆತುರವೂ ಬೇಡ. ಮಾಲೀಕರ ಪೈಕಿ ಇಬ್ಬರು ಹೋದರೆ ಸಾಕು; ಅವರೂ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಬರೆದುಕೊಳ್ಳಲಿ. ಮುಂದಿನ ಸೀಟು ಯಾರಿಗೆ, ಯಾವ ಹಾಡು, ಎಲ್ಲಿ ಚಹಾ ಎಂಬುದನ್ನು ಕೆಲಸದವರೇ ಆರಿಸಿಕೊಂಡ ಮೂವರು ನಿರ್ಧರಿಸಲಿ. ಅವರಲ್ಲಿ ಇಬ್ಬರಾದರೂ ಹೆಂಗಸರಿರಲಿ.

ಆಸಕ್ತರಾದ ಸದಸ್ಯರು ಈ ತಿಂಗಳ ಕೊನೆಯೊಳಗೆ ತಮ್ಮ ಹಾಜರಿ ಪುಸ್ತಕದೊಂದಿಗೆ ಸಂಘದ ಕಛೇರಿಗೆ ಬರಬೇಕೆಂದು ಕೋರುತ್ತೇನೆ. ಬರುವ ಮೊದಲು ಕೆಲಸದವರನ್ನು ಒಂದು ಮಾತು ಕೇಳಿ, ಅವರು ಹೇಳಿದ ಜಾಗದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ನಾನು ಮೇಲೆ ಬರೆದ ದಾರಿಗಿಂತ ಆ ಚೀಟಿಗೇ ಹೆಚ್ಚಿನ ಬೆಲೆ.