ಸೈಕಲ್ಲಿಗೂ ಸ್ಕೂಟರಿಗೂ ನಡುವೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಬಿಳಿಕೆರೆ ಒಂದು ಮುಖ್ಯ ಕವಲು. ಮಡಿಕೇರಿ ಕಡೆಗೆ ಸಾಗುವ 275ನೇ ರಾಷ್ಟ್ರೀಯ ಹೆದ್ದಾರಿಯಿಂದ ಕೆ.ಆರ್. ನಗರ, ಹಾಸನಗಳ ಮೇಲೆ ಬೇಲೂರಿಗೆ ಹೋಗುವ 373ನೇ ಹೆದ್ದಾರಿ ಒಡೆಯುವುದು ಇಲ್ಲಿಯೇ. ತಂಬಾಕಿನ ಕಾಲದಲ್ಲಂತೂ ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಮಾರುಕಟ್ಟೆಗಳಿಗೆ ಬೇಲು ಹೊತ್ತ ವಾಹನಗಳು ಈ ಭಾಗದ ರಸ್ತೆಗಳಲ್ಲಿ ಬಿಡುವಿಲ್ಲದೆ ಓಡಾಡುತ್ತವೆ. ಶಾಲೆ ಕಾಲೇಜಿನ ಹೊತ್ತಿಗೆ ಇವುಗಳ ನಡುವೆಯೇ ನುಸುಳಿಕೊಂಡು, ಮೀಸೆ ಮೂಡದ ಹುಡುಗರು ಅಪ್ಪನ ಸ್ಕೂಟರ್ ಏರಿ ಹೋಗುತ್ತಾರೆ. ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ.

ಇದಕ್ಕೆ ತಂದೆ ತಾಯಿಯರನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ಅವರ ಕಷ್ಟವೂ ಸುಳ್ಳಲ್ಲ. ಹಳ್ಳಿಯಿಂದ ಬಸ್ಸು ಹಿಡಿಯಲು ಎರಡು ಮೂರು ಮೈಲಿ ನಡೆಯಬೇಕು. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟ್ಯೂಷನ್ ಮುಗಿಯುವಾಗ ಕತ್ತಲಾಗಿರುತ್ತದೆ. ಡೇರಿಗೆ ಹಾಲು ಹಾಕುವ ಕೆಲಸವೂ ಕೆಲವೊಮ್ಮೆ ಮಗನದೇ. ಮನೆಯಲ್ಲಿರುವುದು ಒಂದೇ ಗಾಡಿ. ‘ಗೇರ್ ಇಲ್ಲದ ಗಾಡಿ ತಾನೆ, ಏನಾಗುತ್ತದೆ?’ ಎಂದು ಕೀಲಿ ಕೊಟ್ಟುಬಿಡುತ್ತಾರೆ. ಎಡವುವುದು ಈ ಮಾತಿನಲ್ಲೇ. ಬೆಳೆಯುವ ಮಕ್ಕಳ ಕೈಗೆ ಎಂಥ ಗಾಡಿ, ಎಷ್ಟು ದೊಡ್ಡದು, ಯಾವ ವಯಸ್ಸಿಗೆ ಎಂಬ ಪ್ರಶ್ನೆಗೂ ಗೇರಿಗೂ ಸಂಬಂಧವಿಲ್ಲ.

ಹಿಮದ ನಾಡಿನ ಲೆಕ್ಕ

ಇದೇ ಪ್ರಶ್ನೆ ರಸ್ತೆಯೇ ಕಾಣದಷ್ಟು ಹಿಮ ಬೀಳುವ ನಾಡುಗಳಲ್ಲಿಯೂ ಇದೆ. ಅಲ್ಲಿ ಚಳಿಗಾಲದ ಮನೆಗಾಡಿ ಸ್ನೋಮೊಬೈಲ್. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ಯುದ್ಧ ಟ್ಯಾಂಕಿಗೋ ಬುಲ್ಡೋಜರಿಗೋ ಇರುವಂತೆ ಸುತ್ತುವ ಅಗಲವಾದ ಬೆಲ್ಟು, ಮೇಲೆ ಸ್ಕೂಟರಿನಂಥ ಸೀಟು ಮತ್ತು ಹ್ಯಾಂಡಲ್. ಇದನ್ನು ಮನೆಮನೆಗೆ ತಲುಪಿಸಿದವರಲ್ಲಿ ಪ್ರಮುಖ ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ. ಹದಿಹರೆಯದಿಂದಲೇ ಹಿಮದ ಮೇಲೆ ಓಡುವ ಗಾಡಿಯ ಹುಚ್ಚು ಹತ್ತಿಸಿಕೊಂಡಿದ್ದ ಈತನ ಎರಡು ವರ್ಷದ ಮಗ 1934ರ ಚಳಿಗಾಲದಲ್ಲಿ ಕಾಯಿಲೆ ಬಿದ್ದ. ಹಿಮದಿಂದ ದಾರಿ ಮುಚ್ಚಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. 1937ರಲ್ಲಿ ಆತ ಪೇಟೆಂಟ್ ಪಡೆದು ಏಳು ಜನ ಕೂರಬಹುದಾದ ಹಿಮವಾಹನ ತಯಾರಿಸಿದ. 1959ರಲ್ಲಿ ಒಬ್ಬಿಬ್ಬರಿಗಾಗುವ ಹಗುರವಾದ ‘ಸ್ಕಿ-ಡೂ’ ಬಂತು.

ಮನೆಗೆ ಗಾಡಿ ಬಂದ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ಅವರಿಗೆಂದೇ 1970ರ ದಶಕದಲ್ಲಿ 60 ಸಿಸಿಯ ‘ಕಿಟ್ಟಿ ಕ್ಯಾಟ್’ ಬಂತು. ಆಮೇಲೆ ಬಂದದ್ದು 120 ಸಿಸಿಯ ಗಾಡಿಗಳು. ಆದರೆ ಹನ್ನೆರಡು ದಾಟಿದ ಹುಡುಗನಿಗೆ ಇದು ಆಟಿಕೆ. 600 ಸಿಸಿಯ, 200 ಕಿಲೋ ಮೀರಿ ತೂಗುವ ದೊಡ್ಡವರ ಗಾಡಿ ಅಪಾಯ. ನಡುವೆ ಒಂದು ಮೆಟ್ಟಿಲು ಬೇಕೆಂದು 2017ರಲ್ಲಿ ಆರ್ಕ್ಟಿಕ್ ಕ್ಯಾಟ್ ಮತ್ತು ಯಮಹಾ ಕಂಪನಿಗಳು 200 ಸಿಸಿ ವರ್ಗದ ಮಧ್ಯಮ ಗಾತ್ರದ ಗಾಡಿಗಳನ್ನು ಹೊರತಂದವು. ಈ ಗಾಡಿಗಳಲ್ಲಿ ಒಂದು ದಾರವಿರುತ್ತದೆ. ಅದರ ಒಂದು ತುದಿ ಸವಾರನ ಅಂಗಿಗೆ, ಇನ್ನೊಂದು ಗಾಡಿಯ ಸ್ವಿಚ್ಚಿಗೆ. ಸವಾರ ಬಿದ್ದರೆ ದಾರ ಕಿತ್ತು ಎಂಜಿನ್ ತಾನಾಗಿ ನಿಲ್ಲುತ್ತದೆ.

ಇಷ್ಟೆಲ್ಲ ಇದ್ದೂ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದೇ ಬೇರೆ. 16 ವರ್ಷದೊಳಗಿನವರು ಸ್ನೋಮೊಬೈಲ್ ಓಡಿಸಲೇಬಾರದು ಎಂಬುದು ಅದರ ಸಲಹೆ. ಗಾಡಿಯನ್ನು ಮಗುವಿನ ಅಳತೆಗೆ ಇಳಿಸಬಹುದು. ಮಗುವಿನ ವಿವೇಚನೆಯನ್ನು ಗಾಡಿಯ ವೇಗಕ್ಕೆ ಏರಿಸಲು ಬಾರದು.

ಇಲ್ಲಿದ್ದ ಮೆಟ್ಟಿಲು ಎಲ್ಲಿ ಹೋಯಿತು?

ಮೈಸೂರು ಸೀಮೆಗೆ ಹಿಮವಿಲ್ಲದಿದ್ದರೂ ಎಂಜಿನ್ ಗಾಡಿಯ ನಂಟು ಹಳೆಯದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ದೇಶಕ್ಕೆಲ್ಲ ಕಳುಹಿಸಿತು. 250 ಸಿಸಿಯ ಆ ಭಾರೀ ಗಾಡಿಗಳ ಜತೆ 60 ಸಿಸಿಯ ಚಿಕ್ಕ ಗಾಡಿಯನ್ನೂ ಅದು ಮಾಡಿತ್ತು. ಪುಣೆಯ ಕೈನೆಟಿಕ್ ಕಂಪನಿಯ ಲೂನಾ ಬಂದದ್ದು 1972ರಲ್ಲಿ. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಬಂತು. ಎರಡೂ 50 ಸಿಸಿಯವು. ಸೈಕಲ್ ಕಲಿತವನಿಗೆ ಇವು ನಿಜವಾಗಿಯೂ ಮುಂದಿನ ಮೆಟ್ಟಿಲಾಗಿದ್ದವು. ಪೆಟ್ರೋಲ್ ಮುಗಿದರೆ ಲೂನಾವನ್ನು ಪೆಡಲ್ ತುಳಿದೇ ಮನೆಗೆ ತರಬಹುದಾಗಿತ್ತು.

ಕ್ರಮೇಣ ಗಾಡಿಗಳು ಬೆಳೆದವು. 1990ರ ದಶಕದಲ್ಲಿ ಹುಡುಗಿಯರ ಅಚ್ಚುಮೆಚ್ಚಾದ ಸ್ಕೂಟಿ 60 ಸಿಸಿಯದು. ಮೂಟೆ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಊರೂರಿಗೂ ಬೇಕಾದ ಎಕ್ಸ್‌ಎಲ್ ಮೊದಲು 70, 2015ರಲ್ಲಿ 100 ಸಿಸಿಯ ಹತ್ತಿರಕ್ಕೆ ಬಂತು. ಇಂದು ಮನೆಮನೆಯಲ್ಲಿರುವ ಗೇರ್‌ಲೆಸ್ ಸ್ಕೂಟರು 110 ಅಥವಾ 125 ಸಿಸಿಯದು, ತೂಕ ನೂರು ಕಿಲೋ ಮೇಲೆ. ಲೂನಾ ಹೆಸರು 2024ರಲ್ಲಿ ಮತ್ತೆ ಬಂದಿತಾದರೂ ಈಗ ಅದು ವಿದ್ಯುತ್ ಗಾಡಿ. ಅದಕ್ಕೂ ಲೈಸನ್ಸ್ ಬೇಕು. ಹೀಗೆ ಸೈಕಲ್ಲಿಗೂ ಸ್ಕೂಟರಿಗೂ ನಡುವಿನ ಮೆಟ್ಟಿಲು ಯಾರ ಗಮನಕ್ಕೂ ಬಾರದೆ ಕಳಚಿಹೋಯಿತು. ಮಕ್ಕಳು ಒಂದೇ ನೆಗೆತಕ್ಕೆ ಮೇಲಿನದನ್ನು ಹತ್ತುತ್ತಿದ್ದಾರೆ.

ಈ ನೆಗೆತ ಎಷ್ಟು ದೊಡ್ಡದೆಂದು ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವೂ ನಾಲ್ಕು ಪಟ್ಟು. ಗಂಟೆಗೆ 50 ಕಿ.ಮೀ. ವೇಗದಲ್ಲಿ, ಎದುರಿಗೆ ಹಸು ಬಂದದ್ದು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ 14 ಮೀಟರ್ ಮುಂದೆ ಹೋಗಿರುತ್ತದೆ. ಹಿಂದೆ ಇಬ್ಬರು ಕುಳಿತಿದ್ದರೆ ತೂಕ ಹಿಂದಕ್ಕೆ ಜಗ್ಗಿ ಹ್ಯಾಂಡಲ್ ಮಾತು ಕೇಳದು.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮಿನ ಪ್ರಕಾರ 18 ತುಂಬದವರು ರಸ್ತೆಯಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಒಂದೇ ವಿನಾಯಿತಿ: 16 ತುಂಬಿದವರು, ಪೋಷಕರ ಲಿಖಿತ ಒಪ್ಪಿಗೆಯೊಡನೆ ಲೈಸನ್ಸ್ ಪಡೆದು, 50 ಸಿಸಿ ಮೀರದ ಗೇರ್ ಇಲ್ಲದ ಗಾಡಿ ಓಡಿಸಬಹುದು. ‘ಗೇರ್ ಇಲ್ಲದಿದ್ದರೆ ಸಾಕು’ ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದು ಇಲ್ಲಿಂದಲೇ. ಕಾನೂನು ಎಂಜಿನ್ನಿನ ಅಳತೆಯನ್ನೂ ನೋಡುತ್ತದೆ. 110 ಸಿಸಿಯ ಸ್ಕೂಟರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

2019ರ ತಿದ್ದುಪಡಿ ಇನ್ನೂ ಕಠಿಣ. ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕ ಅಥವಾ ಗಾಡಿಯ ಮಾಲೀಕನೇ ತಪ್ಪಿತಸ್ಥ. ತನಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡುವ ಹೊರೆ ಅವನದು. ಶಿಕ್ಷೆ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ. ಅಪಘಾತದಲ್ಲಿ ಬೇರೆಯವರಿಗೆ ಪೆಟ್ಟಾದರೆ, ಪರಿಹಾರದ ಹಣವನ್ನು ವಿಮಾ ಕಂಪನಿ ಮಾಲೀಕನಿಂದ ವಸೂಲು ಮಾಡಲು ಹೊರಡಬಹುದು. ಒಂದೆರಡು ಎಕರೆ ನಂಬಿದ ಮನೆಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ದೊಡ್ಡವರೇ ಓಡಿಸುವಾಗಲೂ ನಿಯಮಗಳುಂಟು. ಸವಾರನ ಹಿಂದೆ ಒಬ್ಬರೇ ಕೂರಬೇಕು. ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಕೂರಿಸಿಕೊಂಡರೆ, 2023ರಿಂದ ಜಾರಿಯಲ್ಲಿರುವ ನಿಯಮದಂತೆ, ಮಗುವಿಗೆ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು. ವೇಗ 40 ಕಿ.ಮೀ. ದಾಟಬಾರದು.

ಹಾಗಾದರೆ ದಾರಿ?

ಮೊದಲನೆಯದು ಸೈಕಲ್. 2006-07ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಸರ್ಕಾರದ ಯೋಜನೆಯಿಂದ ಎಂಟನೇ ತರಗತಿಯ ಮಕ್ಕಳ ಕೈಗೆ ಬಂದ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಮನೆಯಿಂದ ಬಸ್ ನಿಲ್ದಾಣದವರೆಗೆ ಸೈಕಲ್, ಹೆದ್ದಾರಿಯಲ್ಲಿ ಬಸ್ಸು: ಈ ಜೋಡಿ ಹೊಂದುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚು ತಪ್ಪಿತು. ಹುಡುಗರಿಗೆ ವಿದ್ಯಾರ್ಥಿ ಪಾಸು ಇದೆ. ಟ್ಯೂಷನ್ ವೇಳೆಯನ್ನು ಬಸ್ಸಿಗೆ ಹೊಂದಿಸಿಕೊಡಿ ಎಂದು ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ಮೇಷ್ಟ್ರು ಇಲ್ಲವೆನ್ನಲಾರರು.

ಎರಡನೆಯದು ನಿಧಾನದ ವಿದ್ಯುತ್ ಗಾಡಿ. ಮೋಟರಿನ ಶಕ್ತಿ 250 ವಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದು, ಅಧಿಕೃತ ಪ್ರಮಾಣಪತ್ರವಿರುವ ಗಾಡಿಗೆ ನೋಂದಣಿ, ಲೈಸನ್ಸ್ ಬೇಡ. ಆದರೆ ಅಂಗಡಿಯವನು ‘ಸ್ಪೀಡ್ ಜಾಸ್ತಿ ಮಾಡಿಕೊಡ್ತೀನಿ’ ಎಂದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಹಾಗೆ ಮಾಡಿಸಿದ ಗಳಿಗೆಯಿಂದ ಅದು ಲೈಸನ್ಸ್ ಬೇಕಾದ ಗಾಡಿ. ಊರೊಳಗಿನ ದಾರಿಗೆ ಇದು ಸರಿ. ಲಾರಿ ಓಡುವ ಹೆದ್ದಾರಿಗೆ ಅಲ್ಲ. ಇಲ್ಲೂ ತಲೆಗೆ ಹೆಲ್ಮೆಟ್ ಇರಲಿ.

18 ತುಂಬಿದ ಮೇಲೆ ಹುಣಸೂರಿನ ಸಾರಿಗೆ ಕಚೇರಿಯಲ್ಲಿ ಎಲ್‌ಎಲ್‌ಆರ್ ಮಾಡಿಸಿ ಕಲಿಯಲಿ. ಗಾಡಿ ಕೊಳ್ಳುವಾಗ ಬಣ್ಣ ನೋಡುವ ಮೊದಲು ಮೂರು ಪರೀಕ್ಷೆ ಮಾಡಿ. ಸೀಟಿನಲ್ಲಿ ಕುಳಿತರೆ ಎರಡೂ ಪಾದ ನೆಲ ಮುಟ್ಟಬೇಕು. ಒಬ್ಬರೇ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಇಳಿಸಲು ಆಗಬೇಕು. ಹಿಡಿಕೆ ಬಿಡದೆಯೇ ಬೆರಳು ಬ್ರೇಕಿಗೆ ಎಟುಕಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಗಾಡಿ ಅವರ ಅಳತೆಯದಲ್ಲ.

ಹದಿನಾರರ ಹುಡುಗ ಕಾಯಬೇಕಾದದ್ದು ಎರಡು ವರ್ಷ. ಕಾಯದೆ ಸಿಕ್ಕಿಬಿದ್ದರೆ ಒಂಬತ್ತು ವರ್ಷ. ಅಷ್ಟರಲ್ಲಿ ಓದು ಮುಗಿದು ಕೆಲಸಕ್ಕೆ ಸೇರುವ ವಯಸ್ಸೂ ಬಂದಿರುತ್ತದೆ, ‘ಲೈಸನ್ಸ್ ಇದೆಯಾ?’ ಎಂದು ಕೇಳಿದವರಿಗೆ ಆಗ ಏನು ಹೇಳಬೇಕೆಂಬುದನ್ನು ಕೀಲಿ ಕೊಡುವ ಅಪ್ಪ, ಕೇಳುವ ಮಗ ಇಬ್ಬರೂ ಈಗಲೇ ಕುಳಿತು ಯೋಚಿಸುವುದು ಒಳ್ಳೆಯದು.